ಹರಿದ ಟೇಪು, ನೀರಿನ ಪೈಪು ಮತ್ತು ಕಾನಡಿ ಗಲ್ಲಿಯ ನಕ್ಷೆ

ಮೊದಲೇ ಒಂದು ಮಾತು. ನಾವು ನಕ್ಷೆ ತೆಗೆದ ವಸ್ತಿಯ, ಅಂದರೆ ಬಡವರ ಬಡಾವಣೆಯ, ಹೆಸರು ಇಲ್ಲಿ ಬರೆಯುತ್ತಿಲ್ಲ. ಅಲ್ಲಿನವರು ಬೇಡ ಅಂದರು. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಪುಣೆಯಲ್ಲಿ ಆಂಬಿಲ್ ಓಢಾ ಅಂತ ಒಂದು ಹಳ್ಳ ಇದೆ. ಕಾತ್ರಜ್ ಕಡೆಯಿಂದ ಇಳಿದು ಊರೊಳಗೆ ಹಾದು ಮುಠಾ ನದಿಗೆ ಸೇರುತ್ತೆ. ಅದರ ದಂಡೆಯ ಒಂದು ವಸ್ತಿಯೊಳಗೆ, ಅಕ್ಕಪಕ್ಕದ ಮರಾಠಿಯವರು 'ಕಾನಡಿ ಗಲ್ಲಿ' ಅಂತ ಕರೆಯುವ ಒಂದು ತುಂಡು ಇದೆ. 64 ಮನೆ. ಜಾಸ್ತಿ ಜನ ಯಾದಗಿರಿ, ಕಲಬುರಗಿ ಕಡೆಯವರು. ಗಂಡಸರು ಗವಂಡಿ (ಗಾರೆ), ಸೆಂಟ್ರಿಂಗ್, ಫರ್ಶಿ (ನೆಲಗಲ್ಲು) ಕೆಲಸದವರು. ಹೆಂಗಸರು ಬಿಗಾರಿ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುತ್ತಾರೆ. ನಾನು ಸ್ವಾರಗೇಟ್ ಹತ್ತಿರ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಕನ್ನಡ ಮಾತಾಡಬೇಕು ಅನ್ನಿಸಿದಾಗ ಆ ಗಲ್ಲಿಯ ಬಾಯಲ್ಲಿರುವ ಚಹಾ ಅಂಗಡಿಗೆ ಹೋಗಿ ಕೂರುತ್ತೇನೆ. ಅಷ್ಟೇ ನಂಟು.

ಶುರುವಾದದ್ದು ಒಂದು ಹೆರಿಗೆಯಿಂದ. ರಾತ್ರಿ ಒಂದೂವರೆಗೆ ಆಂಬುಲೆನ್ಸ್‌ಗೆ ಫೋನ್ ಮಾಡಿದರಂತೆ. ಡ್ರೈವರ್ ಬೇಗನೇ ಬಂದ. ಆದರೆ ಅವನ ಫೋನಿನ ನಕ್ಷೆ ಹಳ್ಳದ ಆಚೆ ದಂಡೆಗೆ ತಂದು ನಿಲ್ಲಿಸಿತು. ಇವರಿಗೆ ಆ ಗಾಡಿಯ ದೀಪ ತಿರುಗುವುದು ಕಾಣುತ್ತಿತ್ತು. ನಡುವೆ ಹಳ್ಳ. ಕೂಗಿದರೆ ಕೇಳಿಸಲಿಲ್ಲ. ಕೊನೆಗೆ ಆಟೋದಲ್ಲಿ ಹೋದರು. ತಾಯಿ ಮಗು ಚೆನ್ನಾಗಿದ್ದಾರೆ. ಡ್ರೈವರನನ್ನು ಬೈಯುವ ಹಾಗಿಲ್ಲ. ನಕ್ಷೆಯಲ್ಲಿ ಆ ಜಾಗದಲ್ಲಿ ಒಂದು ಗೆರೆಯೂ ಇರಲಿಲ್ಲ, ಬರೀ ಬೂದು ಬಣ್ಣ.

"ಸಾಹೇಬ್ರ, ನೀವು ದಿನಾ ನಕ್ಷಾ ತೆಗೀತೀರಲ್ಲ, ನಮ್ಮದೊಂದು ತೆಗೀರಿ" ಅಂದರು ಅಂಗಡಿಯಲ್ಲಿ ಕೂತಿದ್ದ ಒಬ್ಬ ಹಿರಿಯ ಗವಂಡಿ. ಎಲ್ಲರೂ ಅವರನ್ನು ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಎರಡು ಭಾನುವಾರದ ಕೆಲಸ ಅಂದುಕೊಂಡೆ. ಹನ್ನೊಂದು ಭಾನುವಾರ ಹಿಡಿಯಿತು.

ಇಂಥದ್ದನ್ನು ನಾವೇ ಮೊದಲು ಮಾಡಿದ್ದೇನಲ್ಲ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಇಂಟರ್ನೆಟ್ ನಕ್ಷೆ 2004ರಿಂದ ಇದೆ. ನೈರೋಬಿಯ ಕಿಬೇರಾ ಅನ್ನುವ ದೊಡ್ಡ ಬಡಾವಣೆ ನಕ್ಷೆಯಲ್ಲಿ ಖಾಲಿ ಇತ್ತು. 2009ರಲ್ಲಿ ಅಲ್ಲಿನ ಹುಡುಗ ಹುಡುಗಿಯರೇ ಜಿಪಿಎಸ್ ಹಿಡಿದು ಅದನ್ನು ತುಂಬಿದರು. ಅದಕ್ಕೂ ಎಷ್ಟೋ ಮೊದಲು, 1985ರಲ್ಲಿ, ಮುಂಬೈಯ ಫುಟ್‌ಪಾತಿನಲ್ಲಿ ಬದುಕುವವರನ್ನು ಸ್ಪಾರ್ಕ್ ಸಂಸ್ಥೆ ಮನೆಮನೆ ಲೆಕ್ಕ ಹಾಕಿತ್ತು. ಮುಂದೆ ಆ ಸಂಸ್ಥೆಯ ಜೊತೆ ಕೈಗೂಡಿಸಿದ, 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಸ್ಲಂ ನಿವಾಸಿಗಳ ಮುಂದಾಳು ಜಾಕಿನ್ ಅರ್ಪುತಮ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಇದನ್ನು ಕಾಕಾಗೆ ಹೇಳಿದೆ. "ಅಂದ್ರ ನಮ್ಮ ಕಡಿಯವ್ರೇ ಆದ್ರಲ್ಲ" ಅಂದು ಎದ್ದು ಸರಿಯಾಗಿ ಕೂತರು. ಯಾದಗಿರಿ ಎಲ್ಲಿ, ಕೋಲಾರ ಎಲ್ಲಿ! ಆದರೆ ಪುಣೆಯಲ್ಲಿ ಕೂತಾಗ ಎರಡೂ ಒಂದೇ ಓಣಿ.

ಫೋನು ಹಿಡಿದು ನಡೆದದ್ದು

ಮೊದಲ ಭಾನುವಾರ ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಎಲ್ಲ ಗಲ್ಲಿ ಸುತ್ತಿದೆ. ಹಿಂದೆ ಏಳೆಂಟು ಹುಡುಗರ ದಂಡು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ನಾನು ಗೋಡೆ ತೂರಿಕೊಂಡು ಹೋಗಿದ್ದೆ. ಒಂದು ಕಡೆ ಹಳ್ಳದೊಳಗೆ ಇಳಿದು ಎದ್ದು ಬಂದಿದ್ದೆ.

ಕಾರಣ ಸರಳ. ಬಯಲಲ್ಲಿ ನಿಂತರೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತೆ. ಈ ಗಲ್ಲಿಗಳ ಅಗಲವೇ 4 ಅಡಿ, ಅಂದರೆ 1.2 ಮೀಟರ್. ಮೇಲೆ ಎರಡೂ ಕಡೆಯ ತಗಡು ಬಂದು ಹೆಚ್ಚುಕಡಿಮೆ ಮುಟ್ಟುತ್ತೆ, ಆಕಾಶ ಅಂದರೆ ಒಂದು ಪಟ್ಟಿ. ಉಪಗ್ರಹದ ಸಿಗ್ನಲ್ ನೇರ ಬರದೆ ಗೋಡೆಗೆ ಬಡಿದು ಬರುತ್ತೆ. ಫೋನಿನ ದಿಕ್ಸೂಚಿಯೂ ಅಷ್ಟೇ. ಸುತ್ತ ತಗಡು, ಗೋಡೆಯೊಳಗೆ ಕಬ್ಬಿಣದ ಸಳಿ, ಮುಳ್ಳು ಎಲ್ಲಿ ಬೇಕಾದರೂ ತಿರುಗುತ್ತೆ.

ಸರಿ, ಮೇಲಿಂದ ನೋಡೋಣ ಅಂತ ಉಪಗ್ರಹದ ಚಿತ್ರವನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಹಾಸಿದೆ. ಅದರಲ್ಲಿ ಗಲ್ಲಿ ಕಾಣಲ್ಲ, ಚಾವಣಿಯಷ್ಟೇ. ಹೆಂಗಸರು ಮಾತ್ರ ಬೇಗ ಗುರುತು ಹಿಡಿದರು. "ಈ ನೀಲಿ ತಾಡಪತ್ರಿ ನಮ್ದು ನೋಡ್ರಿ. ಈಗ ಅಲ್ಲಿ ಹಸರು ಹಾಕೀವಿ." ಚಿತ್ರ ಹಳೆಯದು ಅಂತ ನನಗಿಂತ ಮೊದಲು ಅವರಿಗೇ ಗೊತ್ತಾಯಿತು.

ಕಾಕಾ ಪಕ್ಕದಲ್ಲಿ ನಿಂತು ನನ್ನ ಪರದಾಟ ನೋಡುತ್ತಿದ್ದರು. ಒಳಗೆ ಹೋಗಿ ಕೆಲಸದ ಚೀಲ ತಂದು ಸುರುವಿದರು. ಲೈನ್ ದೋರಿ (ನೇರ ಗೆರೆ ಹಿಡಿಯುವ ದಾರ), ಗುನ್ಯಾ (ಮೂಲೆಮಟ್ಟ), ಓಳಂಬ (ತೂಗುಗುಂಡು), 30 ಮೀಟರ್ ಟೇಪು, ಸುತ್ತಿಟ್ಟ ಲೆವೆಲ್ ಪೈಪು. "ತಮ್ಮಾ, ನಾವು ಇಡೀ ಬಿಲ್ಡಿಂಗೇ ಇದರಾಗ ಎಬ್ಬಸ್ತೀವಿ. ನಾಕು ಗಲ್ಲಿ ಆಗಲ್ಲೇನು?"

ಸಾಹೇಬ್ರ ಅನ್ನುವುದು ಹೋಗಿ ತಮ್ಮಾ ಆಯಿತು. ನನಗೆ ಅಲ್ಲಿಂದ ಕೆಲಸ ಹಗುರವಾಯಿತು. ಪುಣೆಯ ಅರ್ಧ ಅಪಾರ್ಟ್‌ಮೆಂಟುಗಳಿಗೆ ಮೂಲೆ ಹಿಡಿದ ಜನ ಇವರು. ಇವರಿಗೆ ಅಳತೆ ಕಲಿಸುತ್ತೇನೆ ಅಂತ ನಾನು ಹೋಗಿದ್ದೆ!

ದೋರಿ ಕಟ್ಟಿದ್ದು

ಜಿಪಿಎಸ್ ಪೂರ್ತಿ ಬಿಡಲಿಲ್ಲ. ಆಕಾಶ ತೆರೆದಿರುವ ನಾಲ್ಕು ಜಾಗ ಆರಿಸಿಕೊಂಡೆವು: ಮೇನ್ ರೋಡಿನ ಬಾಯಿ, ಮಾರುತಿ ಗುಡಿಯ ಕಟ್ಟೆ, ಸಂಡಾಸದ ಚಾವಣಿ, ಸೇತುವೆಯ ಮೂಲೆ. ಪ್ರತಿಯೊಂದರಲ್ಲೂ ಫೋನನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಸರಾಸರಿ ತೆಗೆದೆ. ಈ ನಾಲ್ಕು ಮೊಳೆಗಳ ನಡುವೆ ಉಳಿದದ್ದೆಲ್ಲ ದೋರಿ ಮತ್ತು ಟೇಪಿನ ಕೆಲಸ.

ಕೋನ ಅಳೆಯಲಿಲ್ಲ. ಮೂಲೆ ನೆಟ್ಟಗಿದೆಯಾ ಅಂತ ನೋಡಲು ಗವಂಡಿಗಳ 3-4-5 ಲೆಕ್ಕ ಸಾಕು. ಒಂದು ಬದಿ 3 ಅಡಿ, ಇನ್ನೊಂದು 4 ಅಡಿ, ಅಡ್ಡ 5 ಬಂದರೆ ಮೂಲೆ ಕಾಟಕೋನ, ಅಂದರೆ ಲಂಬಕೋನ. ಸೊಟ್ಟಗಿದ್ದರೆ ತ್ರಿಕೋನ. ಗೊತ್ತಿರುವ ಎರಡು ಗುರುತಿನಿಂದ ಹೊಸ ಮೂಲೆಗೆ ಎಷ್ಟು ದೂರ ಅಂತ ಅಳೆದರೆ ಸಾಕು, ಆ ಮೂಲೆ ಕಾಗದದ ಮೇಲೆ ತಾನಾಗಿ ಕೂರುತ್ತೆ. ಸ್ಕೇಲು 1:200. ನೆಲದ 2 ಮೀಟರ್ ಕಾಗದದಲ್ಲಿ 1 ಸೆಂಟಿಮೀಟರ್. ಟ್ರೇಸಿಂಗ್ ಪೇಪರ್ ಹಾಸಿ, ಶಾಲೆಯ ಕಂಪಾಸ್ ಬಾಕ್ಸಿನ ಕೈವಾರದಲ್ಲಿ ಗುಡಿ ಕಟ್ಟೆಯ ಮೇಲೆ ಕೂತೇ ಗೀರಿದೆವು.

ಆಫೀಸಿನ ಲ್ಯಾಪ್‌ಟಾಪ್ ಒಂದು ದಿನ ತಂದಿದ್ದೆ. ತೆರೆದ ಕೂಡಲೇ ಎಲ್ಲರೂ ಹಿಂದೆ ಸರಿದು ಸುಮ್ನೆ ಕೂತರು. ಮುಚ್ಚಿ ಚೀಲಕ್ಕೆ ಹಾಕಿದೆ.

ಎಂಟು ಮಿಲಿಮೀಟರಿನ ಜಗಳ

ನಾಲ್ಕನೇ ಭಾನುವಾರ ಸುತ್ತು ಮುಗಿಯಿತು. ರೋಡಿನ ಬಾಯಿಯಿಂದ ಹೊರಟು, ರೋಡಿನುದ್ದಕ್ಕೂ ಹೋಗಿ, ಮೆಟ್ಟಿಲು ಇಳಿದು, ಒಳಗಲ್ಲಿಯಲ್ಲಿ ಹಾದು, ಇಳಿಜಾರು ಹತ್ತಿ ಮತ್ತೆ ಬಾಯಿಗೆ. ಹೊರಟ ಚುಕ್ಕೆಗೇ ಬಂದು ಸೇರಬೇಕಲ್ವಾ? ಸೇರಲಿಲ್ಲ. ಕಾಗದದಲ್ಲಿ ಎಂಟು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬಾಯಿ ಬಿಟ್ಟಿತ್ತು. ನೆಲದ ಮೇಲೆ 1.7 ಮೀಟರ್. ಒಂದು ಇಡೀ ಗಲ್ಲಿಯ ಅಗಲಕ್ಕಿಂತ ಹೆಚ್ಚು.

ನಾನು ಬರೆದುಕೊಂಡವರ ಮೇಲೆ ಹಾಕಿದೆ. ಬರೆದುಕೊಂಡವಳು ಹತ್ತನೇ ಕ್ಲಾಸಿನ ಹುಡುಗಿ. ಅವಳು ವಹಿ ತೆಗೆದು ಒಂದೊಂದೇ ಅಂಕಿ ಓದಿ ತೋರಿಸಿದಳು. ಅವಳದು ಎಲ್ಲ ಸರಿ ಇತ್ತು. ಎರಡು ದಿನ ತಲೆ ಕೆಡಿಸಿಕೊಂಡು ಮತ್ತೆ ಹೋಗಿ ಟೇಪು ಕೈಗೆ ತಗೊಂಡು ನೋಡಿದರೆ, ಅದರ ಮೊದಲ 10 ಸೆಂಟಿಮೀಟರ್ ಇರಲೇ ಇಲ್ಲ. ಎಂದೋ ಹರಿದುಹೋಗಿ, ಕೊನೆಗೆ ಒಂದು ತಂತಿ ಉಂಗುರ ಕಟ್ಟಿದ್ದರು. ಪ್ರತಿ ಸಲ ಹಿಡಿದಾಗಲೂ 10 ಸೆಂಟಿಮೀಟರ್ ಹೆಚ್ಚು ಓದುತ್ತಿತ್ತು.

ಮೊದಲಿಗೆ ನನಗೆ ಇದರಿಂದ ಸುತ್ತು ಹೇಗೆ ಕೆಡುತ್ತೆ ಅಂತ ಅರ್ಥವಾಗಲಿಲ್ಲ. ಹೋಗುವಾಗ ಹೆಚ್ಚಾದದ್ದು ಬರುವಾಗಲೂ ಹೆಚ್ಚಾಗಿ ಸರಿಹೋಗಬೇಕಲ್ವಾ? ಸರಿಹೋಗಲ್ಲ. ರೋಡು ನೇರ, ಅಲ್ಲಿ ಉದ್ದುದ್ದ 6 ಸಲ ಟೇಪು ಹಿಡಿದಿದ್ದೆವು. ಒಳಗಲ್ಲಿ ಹಾವಿನ ಹಾಗೆ, ಅಲ್ಲಿ ತುಂಡುತುಂಡಾಗಿ 22 ಸಲ. ವ್ಯತ್ಯಾಸ 16. ಹದಿನಾರು ಹತ್ತಲೆ 1.6 ಮೀಟರ್. ಉಳಿದದ್ದು ಮೆಟ್ಟಿಲಿನದು. ಅಲ್ಲಿ ಟೇಪನ್ನು ಇಳಿಜಾರಿನ ಮೇಲೇ ಮಲಗಿಸಿ 12 ಮೀಟರ್ ಓದಿದ್ದೆವು, ಇಳಿತ 3 ಮೀಟರ್. ಮಟ್ಟಸವಾಗಿ ಹಿಡಿದರೆ ಬರುವುದು 11.62. ಎರಡನ್ನೂ ತಿದ್ದಿದ ಮೇಲೆ ಬಾಯಿ ಮುಚ್ಚಿತು. ಒಂದು ಗೇಣಿನಷ್ಟು ಉಳಿಯಿತು, ಅದನ್ನು ಎಲ್ಲ ಅಳತೆಗೂ ಹಂಚಿಬಿಟ್ಟೆ.

"ಕಾಕಾ, ಟೇಪು ಹರಿದದ್ದು ಹೇಳಬಾರದಿತ್ತಾ?"

"ನಾ ಹತ್ತು ಕಳದೇ ಓದ್ತೀನಲ್ಲ. ನಿಮ್ಮ ಹುಡುಗ್ರು ಓದಿದ್ರು, ನನ್ನ ಕೇಳ್ಲಿಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಟೇಪಿನ ಡಬ್ಬಿಯ ಮೇಲೆ ಮಾರ್ಕರಿನಲ್ಲಿ '10 ಕಳೆ' ಅಂತ ಬರೆದಿದೆ.

ಹೆಸರು

ಗಲ್ಲಿಗಳಿಗೆ ನಾನು 1, 2, 3 ಅಂತ ನಂಬರ್ ಹಾಕಿದ್ದೆ. ಬಾಲವಾಡಿ ಅಕ್ಕ ನೋಡಿ ನಕ್ಕರು. ಯಾರೂ ನಂಬರಿನಿಂದ ಕರೆಯಲ್ಲ. ಚಕ್ಕಿ ಗಲ್ಲಿ, ಗುಡಿ ಗಲ್ಲಿ, ನಳದ ಗಲ್ಲಿ. ಒಂದಕ್ಕೆ ಸಂಡಾಸ ಗಲ್ಲಿ ಅನ್ನುತ್ತಾರೆ. ಆ ಹೆಸರನ್ನು ಬರೆದಾಗ ಅಲ್ಲಿನ ಹುಡುಗಿಯರು ಹಾಳೆ ಕಿತ್ತುಕೊಂಡರು. "ನಾಳೆ ಕಾಲೇಜ್ ಫಾರ್ಮಿನ್ಯಾಗ ಇದನ್ನ ಬರೀಬೇಕೇನು?" ಅರ್ಧ ಗಂಟೆ ಗದ್ದಲ ಆಗಿ ಬೇವಿನ ಗಿಡದ ಗಲ್ಲಿ ಅಂತ ಆಯಿತು. ಬೇವಿನ ಗಿಡ ನಿಜವಾಗಿ ಇರುವುದು ಪಕ್ಕದ ಗಲ್ಲಿಯಲ್ಲಿ. ಇರಲಿ ಬಿಡಿ.

ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಹಾಳೆಗೆ ಕೂರಿಸಿದ್ದು ಬಾಲವಾಡಿ ಅಕ್ಕನ ಐಡಿಯಾ. ಗಂಡಸರ ಹಾಳೆಯಲ್ಲಿ ಚಹಾ ಅಂಗಡಿ, ಕೂಲಿ ನಾಕಾ, ಗುಡಿ, ಗಾಡಿ ನಿಲ್ಲಿಸುವ ಜಾಗ. ಹೆಂಗಸರ ಹಾಳೆಯಲ್ಲಿ ನಳಕ್ಕೆ ನೀರು ಬರುವ ಹೊತ್ತು, ದೀಪ ಉರಿಯದ ಎರಡು ಕಂಬ, ರೇಷನ್ ಅಂಗಡಿ. ಸಂಡಾಸ ಎರಡರಲ್ಲೂ ಇತ್ತು. ಗಂಡಸರು ಒಂದು ಚೌಕ ಹಾಕಿ ಬಿಟ್ಟಿದ್ದರು. ಹೆಂಗಸರು ಒಳಗಿನ ಆರು ಬಾಗಿಲನ್ನೂ ಬಿಡಿಸಿ, ಚಿಲಕ ಇರುವ ಎರಡಕ್ಕೆ ಮಾತ್ರ ಕುಂಕುಮದ ಚುಕ್ಕೆ ಇಟ್ಟಿದ್ದರು. ಮುಂದಿನ ವಾರ ಕಾಕಾನ ಮಗ ನಾಲ್ಕು ಚಿಲಕ ತಂದು ಬಡಿದ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಬೇಗ ಸಿಕ್ಕ ಫಲ ಅದು.

ಲೆವೆಲ್ ಪೈಪು

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನೆ ಮನೆ ಅಳೆಯುವಾಗ ಪ್ರತಿಯೊಬ್ಬರೂ ಗೋಡೆ ಮುಟ್ಟಿ "ಇಲ್ಲೀತನಕ ಬಂದಿತ್ರಿ" ಅನ್ನುತ್ತಿದ್ದರು. 2019ರ ಸೆಪ್ಟೆಂಬರ್ 25ರ ರಾತ್ರಿ. ಆ ಮಳೆಗೆ ಆಂಬಿಲ್ ಓಢಾ ಉಕ್ಕಿ ದಂಡೆಯುದ್ದಕ್ಕೂ ನುಗ್ಗಿತ್ತು, ಊರಲ್ಲಿ ಜನ ಸತ್ತಿದ್ದರು. ಇವರಿಗೆ ಇವತ್ತಿಗೂ ರಾತ್ರಿ ಮಳೆ ಅಂದರೆ ನಿದ್ದೆ ಇಲ್ಲ. ಗೋಡೆಯ ಗುರುತುಗಳನ್ನು ನಕ್ಷೆಗೆ ತರೋಣ ಅಂದರು ಕಾಕಾ.

ಲೆವೆಲ್ ಪೈಪು ನೋಡದವರಿಗೆ: ಬೆರಳು ದಪ್ಪದ ಪಾರದರ್ಶಕ ಪೈಪು, ನಮ್ಮದು 20 ಮೀಟರ್ ಉದ್ದ. ಒಳಗೆ ನೀರು. ಎರಡು ತುದಿಯನ್ನೂ ಎಲ್ಲಿ ಹಿಡಿದರೂ ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಗೋಡೆಯ ಆಚೆ, ಮೂಲೆಯ ಆಚೆ, ಒಬ್ಬರಿಗೊಬ್ಬರು ಕಾಣದಿದ್ದರೂ ಪರವಾಗಿಲ್ಲ. ಈ ಗಲ್ಲಿಗಳಿಗೆ ಹೇಳಿ ಮಾಡಿಸಿದ ಯಂತ್ರ.

ತುಂಬುವುದೇ ದೊಡ್ಡ ಕೆಲಸ. ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು, ಬಾಯಲ್ಲಿ ಎಳೆದು, ನೀರು ಹರಿಯಲು ಬಿಡಬೇಕು. ಒಂದು ಗಾಳಿ ಗುಳ್ಳೆ ಉಳಿದರೂ ಮಟ್ಟ ಸುಳ್ಳು ಹೇಳುತ್ತೆ. ಕಾಕಾ ಪೈಪನ್ನು ಉದ್ದಕ್ಕೆ ಬೆರಳಿನಿಂದ ತಟ್ಟುತ್ತಾ ಗುಳ್ಳೆಗಳನ್ನು ತುದಿಗೆ ಓಡಿಸುತ್ತಿದ್ದರು, ಹಸುವಿನ ಗಂಗೆದೊಗಲು ಸವರಿದ ಹಾಗೆ. ನೀರು ಕಾಣಲಿ ಅಂತ ಬಟ್ಟೆಗೆ ಹಾಕುವ ನೀಲಿ ಎರಡು ಹನಿ. ನಡೆಯುವಾಗ ತುದಿಗೆ ಹೆಬ್ಬೆರಳು ಒತ್ತಬೇಕು, ಇಲ್ಲದಿದ್ದರೆ ಚೆಲ್ಲುತ್ತೆ. ಓದುವಾಗ ಎರಡೂ ಕಡೆ ಹೆಬ್ಬೆರಳು ತೆಗೆಯಬೇಕು. ನಾನು ಇದನ್ನು ಮರೆತು ಮೊದಲ ಮೂರು ಮನೆಯ ಓದು ಪೂರ್ತಿ ಹಾಳು ಮಾಡಿದೆ.

ಮಾರುತಿ ಗುಡಿಯ ಕಟ್ಟೆಯ ಮೂಲೆಗಲ್ಲು ಸೊನ್ನೆ. ಅಲ್ಲಿಂದ ಪೈಪನ್ನು ದಾಟಿಸುತ್ತಾ ದಾಟಿಸುತ್ತಾ 31 ಮನೆಗಳ ಗುರುತು ತಗೊಂಡು ಮತ್ತೆ ಕಟ್ಟೆಗೆ ಬಂದೆವು. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಆಫೀಸಿನಲ್ಲಿ ನಾನು ಕಂಡಿರುವ ಕೆಲವು ಸರ್ವೆಗಳಿಗಿಂತ ಇದು ವಾಸಿ. ಇಂಥವರು ಅಂತ ಹೇಳಲ್ಲ.

ಆ ರಾತ್ರಿಯ ನೀರಿನ ಮೇಲ್ಮೈ ಹಳ್ಳ ಹರಿಯುವ ದಿಕ್ಕಿಗೆ ನಿಧಾನ ಇಳಿಯುತ್ತಾ ಹೋಗಬೇಕು, ಹಾಗೇ ಬಂತು. ಒಂದು ಮನೆ ಮಾತ್ರ 45 ಸೆಂಟಿಮೀಟರ್ ಮೇಲೆ ಎದ್ದು ನಿಂತಿತ್ತು. ಆ ಅಮ್ಮ "ಸೊಂಟಮಟ ಇತ್ತು" ಅಂತ ನೆಲದಲ್ಲಿ ನಿಂತು ತೋರಿಸಿದ್ದರು. ಎರಡನೇ ಸಲ ಕೇಳಿದಾಗ ಗೊತ್ತಾಯಿತು, ಆ ಮಳೆ ಆದ ಮೇಲೆ ಅವರು ಮುರುಮ್ ತುಂಬಿ ನೆಲವನ್ನೇ ಒಂದೂವರೆ ಅಡಿ ಎತ್ತಿದ್ದರು. ಸೊಂಟ ಅದೇ, ನೆಲ ಬೇರೆ. ಪಕ್ಕದ ಮನೆಯ ಗೋಡೆಗಿದ್ದ ಕಲೆ ನೋಡಿ ಸರಿ ಮಾಡಿದೆವು.

ಇದರಿಂದ ಹೊರಬಿದ್ದ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಗಲ್ಲಿಯ ಎಲ್ಲಕ್ಕಿಂತ ತಗ್ಗಿನ ಜಾಗ ಹಳ್ಳದ ಅಂಚಿನಲ್ಲಿಲ್ಲ. ರೋಡಿನ ಬಾಯಿಗೆ ಹತ್ತಿರ, ನಳದ ಪಕ್ಕದಲ್ಲಿದೆ. ಅಲ್ಲೇ ಗಟಾರ ಹಳ್ಳಕ್ಕೆ ಹೋಗುವ ಕೊಳವೆ ಇದೆ. ಹಳ್ಳ ಏರಿದಾಗ ನೀರು ಆ ಕೊಳವೆಯಲ್ಲಿ ಹಿಂದಕ್ಕೆ ಬಂದು ಮೊದಲು ಇಲ್ಲಿ ತುಂಬಿದೆ. "ಗಟಾರದಾಗಿಂದ ಬಂತು" ಅಂತ ಎಲ್ಲರೂ ಹೇಳುತ್ತಲೇ ಇದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ರಾತ್ರಿ ಜನ ಓಡಿದ್ದು ದಿನಾ ಓಡಾಡುವ ರೋಡಿನ ಬಾಯಿಯ ಕಡೆಗೆ, ಅಂದರೆ ತಗ್ಗಿನ ಕಡೆಗೆ. ಹಿಂದಿನ ಮೆಟ್ಟಿಲ ಕಡೆ ಹೋಗಿದ್ದರೆ ಕಾಲು ಒಣಗಿರುತ್ತಿತ್ತು.

ಯಾವುದು ಹೊರಗೆ, ಯಾವುದು ಒಳಗೆ

ನನಗೆ ಖುಷಿಯೋ ಖುಷಿ. ಪ್ರವಾಹದ ಗೆರೆಯನ್ನೂ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕೋಣ, ಎಲ್ಲರಿಗೂ ಕಾಣಲಿ ಅಂದೆ. ನಕ್ಷೆ ಮಾಡಲು ಈಗ ಭಾರತೀಯರು ಮೊದಲೇ ಅನುಮತಿ ತಗೊಳ್ಳಬೇಕಿಲ್ಲ, 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲ ಮಾಡಿದೆ ಅಂತಲೂ ಭಾಷಣ ಮಾಡಿದೆ.

ಕಟ್ಟೆಯ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಒಬ್ಬ ಆಯಿ ಬಾಯಿ ತೆಗೆದರು. "ಗೆರಿ ಹಾಕ್ರಿ. ನಾಳೆ ಗೆರಿ ಒಳಗಿನವ್ರನ್ನ ಎಬ್ಬಸ್ತಾರ. ಆವಾಗ ಯಾರ ಮನಿಗೆ ಹೋಗೋಣು?"

ಯಾರೂ ಮಾತಾಡಲಿಲ್ಲ. ಅಳೆಯಲು ಬಂದವರ ಹಿಂದೆ ಮನೆ ಕೆಡವುವವರು ಬರುತ್ತಾರೆ ಅನ್ನುವುದು ಹಳ್ಳದ ದಂಡೆಯ ಯಾವ ವಸ್ತಿಯಲ್ಲಿ ಕೇಳಿದರೂ ಸಿಗುವ ಮಾತು. ಇನ್ನೊಂದು ವಿಷಯ ನಾನೇ ಹೇಳಬೇಕಾಯಿತು: ಆ ನಕ್ಷೆಗೆ ಒಮ್ಮೆ ಹಾಕಿದರೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತೆ, ಹುಡುಕುವವರಿಗೆ ಸಿಗುತ್ತೆ. ಅದನ್ನು ಹೇಳುತ್ತಾ ಹೇಳುತ್ತಾ ನನ್ನ ವಾದ ನಾನೇ ಸೋತೆ.

ಎರಡು ಭಾನುವಾರ ಇದೇ ಚರ್ಚೆ. ಕೊನೆಗೆ ನಿಂತದ್ದು ಹೀಗೆ. ಹೊರಗಿನ ನಕ್ಷೆಗೆ ಗಲ್ಲಿಗಳು, ಕನ್ನಡ ಮತ್ತು ಮರಾಠಿ ಹೆಸರು, ಎಷ್ಟು ಮೆಟ್ಟಿಲು, ಗುಡಿ, ಬಾಲವಾಡಿ, ಸಂಡಾಸ, ಗಲ್ಲಿಯ ಬಾಯಿಗಳು. ಒಂದೊಂದು ಮನೆಯ ಗಡಿ ಬೇಡ, ಯಾರ ಹೆಸರೂ ಬೇಡ, ಲೈಟ್ ಮೀಟರ್ ಎಲ್ಲಿದೆ ಬೇಡ. ಪ್ರವಾಹದ ಗೆರೆ ಮತ್ತು ಮೆಟ್ಟಿಲ ಕಡೆಯ ಬಾಣ ಗೋಡೆಯ ನಕ್ಷೆಯಲ್ಲಿ ಮಾತ್ರ. ಅದನ್ನು 1:100ಕ್ಕೆ ದೊಡ್ಡದು ಮಾಡಿ ಆರಡಿ ಉದ್ದದ ಫ್ಲೆಕ್ಸ್ ಹೊಡೆಸಿ ಭಜನಾ ಮಂಡಳಿಯ ಕೋಣೆಯೊಳಗೆ ತೂಗುಹಾಕಿದೆವು. ಫ್ಲೆಕ್ಸ್‌ಗೆ ಚಂದಾ ಎತ್ತಿದರು, ನನ್ನ ದುಡ್ಡು ಮುಟ್ಟಲಿಲ್ಲ.

ಪರೀಕ್ಷೆ

ಎಲ್ಲ ಹಾಕಿ ಆದ ಮೇಲೆ ಪರಿಚಯದ ಒಬ್ಬ ಆಟೋದವನಿಗೆ ಫೋನ್ ಮಾಡಿ ಬಾ ಅಂದೆವು. ಅವನು ಹಳ್ಳದ ಆಚೆ ಹೋಗಿ ನಿಂತ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಾರಣ ಬಹಳ ಸಣ್ಣದು. ನಾನು ತಿದ್ದಿದ ನಕ್ಷೆ ಒಂದು, ಅವನ ಫೋನಿನಲ್ಲಿರುವುದು ಇನ್ನೊಂದು. ಇದರಲ್ಲಿ ಗೆರೆ ಎಳೆದರೆ ಅದರಲ್ಲಿ ಮೂಡಲ್ಲ. ಇದು ನನಗೆ ಗೊತ್ತಿದ್ದೂ ಹನ್ನೊಂದು ವಾರ ನೆನಪಾಗಲಿಲ್ಲ.

ಅದಕ್ಕೆ ಪ್ಲಸ್ ಕೋಡ್ ಹಿಡಿದೆವು. ಭೂಮಿಯನ್ನು ಚೌಕ ಮಾಡಿ ಪ್ರತಿ ಚೌಕಕ್ಕೂ ಒಂದು ಗುರುತು ಕೊಡುವ ಪದ್ಧತಿ. ಒಂದು ಚೌಕ ಸುಮಾರು 14 ಮೀಟರ್. ಊರಿನ ಹೆಸರು ಜೊತೆಗಿದ್ದರೆ ಆರು ಅಕ್ಷರ ಹೇಳಿದರೆ ಸಾಕು, ಡ್ರೈವರ್ ಅದನ್ನು ಹುಡುಕಿದರೆ ಸೀದಾ ಗಲ್ಲಿಯ ಬಾಯಿಗೆ ಬರುತ್ತಾನೆ. ಎರಡು ಬಾಯಿಗಳ ಗೋಡೆಗೂ ಕೆಂಪು ಆಯಿಲ್ ಪೇಂಟಿನಲ್ಲಿ ಬರೆದೆವು. ಆಟೋದವನು ಎರಡನೇ ಸಲ ಸರಿಯಾಗಿ ಬಂದ.

ಆದರೆ ರಾತ್ರಿ ಒಂದೂವರೆಗೆ ಗೋಡೆ ಓದುವವರು ಯಾರು? ಆ ಅಕ್ಷರ, ಅಂಕಿ ಎಲ್ಲ ಇಂಗ್ಲಿಷಿನವು, ಆಯಿಗೆ ಬರಲ್ಲ. ಬಾಲವಾಡಿ ಅಕ್ಕ ಮಕ್ಕಳಿಗೆ ಬಾಯಿಪಾಠ ಮಾಡಿಸಲು ಶುರು ಮಾಡಿದರು, ಮಗ್ಗಿಯ ಜೊತೆಗೆ. ಮೊನ್ನೆ ಹೋದಾಗ ಸಾಲಾಗಿ ಕೂತು ರಾಗವಾಗಿ ಹೇಳುತ್ತಿದ್ದವು. ಒಬ್ಬ ಹುಡುಗ ಕೊನೆಯ ಎರಡು ಅಕ್ಷರ ಅದಲುಬದಲು ಮಾಡಿದ. ಪಕ್ಕದಲ್ಲಿದ್ದ ಅವನ ಅಕ್ಕ ತಲೆಗೊಂದು ಮೊಟಕಿ, "ಗಾಡಿ ಹಳ್ಳದಾಚಿ ಕಳಸ್ತೀಯೇನೋ?" ಅಂದಳು.